ಬಿಡಾರಕ್ಕೆ ಹೊರಡುವ ಮುನ್ನ

ಪ್ರವಾಸದ ವಿಷಯದಲ್ಲಿ ನಮ್ಮ ಮನೆತನದ್ದು ಒಂದೇ ಸಿದ್ಧಾಂತ: ಮೊದಲು ಹೊರಡುವುದು, ಉಳಿದದ್ದನ್ನು ಹೋದ ಮೇಲೆ ನೋಡಿಕೊಂಡರಾಯಿತು. ಧರ್ಮಸ್ಥಳವಾಗಲಿ ಶೃಂಗೇರಿಯಾಗಲಿ, ಈ ಸಿದ್ಧಾಂತ ನಮ್ಮನ್ನು ಎಲ್ಲೂ ಕೈಬಿಟ್ಟಿಲ್ಲ. ಆದರೆ ಆಲ್ಪ್ಸ್ ಪರ್ವತದಲ್ಲಿ ಚಾರಣಿಗರು ತಂಗುವ ಬಿಡಾರವೊಂದರಲ್ಲಿ ರಾತ್ರಿ ಕಳೆಯುವ ಆಸೆಯಿದ್ದರೆ ಈ ಸಿದ್ಧಾಂತವನ್ನು ತಪ್ಪಲಿನಲ್ಲೇ ಬಿಟ್ಟು ಹತ್ತಬೇಕಾಗುತ್ತದೆ. ಅಲ್ಲಿ ನೋಡಿಕೊಳ್ಳಬೇಕಾದದ್ದನ್ನೆಲ್ಲ ಇಲ್ಲೇ, ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನೋಡಿ ಮುಗಿಸಬೇಕು.

ಬೇಸಿಗೆಯಲ್ಲಿ ಅಕ್ಕ ಭಾವ ಮೈಸೂರಿನಿಂದ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿರುವ ನಮ್ಮ ಮನೆಗೆ ಬರುವವರಿದ್ದಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಇಂದಿಗೂ ಕೈಬೀಸಿಕೊಂಡು ಹತ್ತುವ ಭಾವನವರಿಗೆ ರೈಲಿನಲ್ಲಿ ಕುಳಿತು ಹಿಮ ನೋಡುವುದೆಂದರೆ ಅವಮಾನ. ಹೀಗಾಗಿ ಆರಿಸಿದ್ದು ಕಾಂಡರ್‌ಷ್ಟೆಗ್ ಊರಿನ ಮೇಲಿರುವ ಬ್ಲೂಮ್ಲಿಸಾಲ್ಪ್ ಬಿಡಾರವನ್ನು. ತಂತಿಯ ಮೇಲೆ ತೂಗಿಕೊಂಡು ಹೋಗುವ ಗೊಂಡೊಲಾ ಹತ್ತಿದರೆ ಓಷಿನೆನ್ ಸರೋವರದ ನೆತ್ತಿಯವರೆಗೆ, ಅಂದರೆ ಸುಮಾರು 1,680 ಮೀಟರ್ ಎತ್ತರದವರೆಗೆ ಹೋಗಬಹುದು. ಬಿಡಾರ ಇರುವುದು 2,840 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಒಂಬೈನೂರು ಮೀಟರಿನಷ್ಟು ಮೇಲೆ. ನಡುವೆ ಇರುವುದು ಕಾಲುದಾರಿ ಮಾತ್ರ.

"ದೂರ ಎಷ್ಟು?" ಎಂದು ಭಾವನವರು ಫೋನಿನಲ್ಲಿ ಕೇಳಿದರು.

"ಏಳೆಂಟು ಕಿಲೋಮೀಟರ್, ಭಾವ."

"ಅಷ್ಟೇ ತಾನೇ? ಎರಡು ಗಂಟೆ ಸಾಕು. ತಿಂಡಿ ಮುಗಿಸಿ ನಿಧಾನವಾಗಿ ಹೊರಟರಾಯಿತು."

ಇಲ್ಲಿನ ಚಾರಣಿಗರ ಲೆಕ್ಕ ಬೇರೆ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 4 ಕಿಲೋಮೀಟರ್, ಏರುವಾಗ ಗಂಟೆಗೆ 300 ಮೀಟರ್ ಎತ್ತರ. ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ಬಂದ ಉತ್ತರಗಳಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸಬೇಕು. ನಮ್ಮ ದಾರಿಗೆ ದೂರದ ಲೆಕ್ಕದಲ್ಲಿ ಎರಡು ಗಂಟೆ, ಏರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು. ಒಟ್ಟು ಐದು ಗಂಟೆಯ ನಡಿಗೆ. ಇದರಲ್ಲಿ ಭಾವನವರು ಫೋಟೊ ತೆಗೆಯುವ ಸಮಯ ಸೇರಿಲ್ಲ. ಅಕ್ಕ ಪ್ರತಿ ಹಸುವಿನ ಕೊರಳ ಗಂಟೆಯನ್ನೂ ನಿಂತು ಕೇಳುವ ಸಮಯವೂ ಸೇರಿಲ್ಲ.

ಹೀಗೆ ಹಿಂದಿನಿಂದ ಮುಂದಕ್ಕೆ ಯೋಜನೆ ಬೆಳೆಯುತ್ತದೆ. ರಾತ್ರಿಯ ಊಟ ಆರೂವರೆಯ ಆಸುಪಾಸಿಗೆ, ಎಲ್ಲರಿಗೂ ಒಟ್ಟಿಗೆ. ಅದಕ್ಕೆ ಮೊದಲೇ ತಲುಪಿರಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಮಳೆ ಹೇಳದೆ ಬರುತ್ತದೆ, ಆದ್ದರಿಂದ ಅದಕ್ಕೂ ಮೊದಲು. ಜುಲೈ ಆರಂಭದಲ್ಲಿ ಮೇಲಿನ ಕಣಿವೆ ದಾರಿಯಲ್ಲಿ ಹಿಮ ಉಳಿದಿರಬಹುದು, ಆದ್ದರಿಂದ ಆಗಸ್ಟ್. ಆಗಸ್ಟ್‌ನ ಶನಿವಾರಗಳಿಗೆ ಹಾಸಿಗೆಗಳು ಬೇಗ ಭರ್ತಿಯಾಗುತ್ತವೆ, ಆದ್ದರಿಂದ ಮಂಗಳವಾರ. ದಾರಿ ತೋರಿಸುವ ಗುರುತು ಬಂಡೆಗಳ ಮೇಲಿನ ಬಿಳಿ ಕೆಂಪು ಬಿಳಿ ಪಟ್ಟಿ. ಬರೀ ಹಳದಿ ಫಲಕವಾಗಿದ್ದರೆ ಅಜ್ಜಿಯನ್ನೂ ಕರೆದೊಯ್ಯಬಹುದಿತ್ತು. ಕೆಂಪಿನ ಜಾಗದಲ್ಲಿ ನೀಲಿಯಿದ್ದಿದ್ದರೆ ನಾನೇ ಬರುತ್ತಿರಲಿಲ್ಲ. ಇಷ್ಟೆಲ್ಲ ಮುಗಿದ ಮೇಲೂ ದಾರಿ ತೆರೆದಿದೆಯೇ ಎಂದು ಹೊರಡುವ ಹಿಂದಿನ ದಿನ ನೋಡಬೇಕು, ಏಕೆಂದರೆ ಸರೋವರದ ಮೇಲಿರುವ ಸ್ಪಿಟ್ಸೆ ಸ್ಟೈ ಎಂಬ ಬೆಟ್ಟದ ಭಾಗ ಮೆಲ್ಲಗೆ ಜಾರುತ್ತಿದ್ದು, ಅದರ ಕೆಳಗಿನ ಕೆಲವು ಕಾಲುದಾರಿಗಳನ್ನು ಮುಚ್ಚಿದ್ದಾರೆ. ಬೆಟ್ಟ ಕೂಡ ತನ್ನ ಕಾರ್ಯಕ್ರಮ ಬದಲಿಸಬಹುದು ಎಂಬುದು ಭಾವನವರಿಗೆ ಬಹಳ ಹಿಡಿಸಿತು.

ಬಿಡಾರದ ನಿಯಮಗಳನ್ನು ಮೊದಲ ಸಲ ಓದಿದವರಿಗೆ ಯಾವುದೋ ಕಟ್ಟುನಿಟ್ಟಿನ ವಿದ್ಯಾರ್ಥಿ ನಿಲಯಕ್ಕೆ ಸೇರುತ್ತಿದ್ದೇವೆ ಅನ್ನಿಸಬಹುದು. ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು. ಬೂಟುಗಳನ್ನು ಪ್ರವೇಶದಲ್ಲೇ ಬಿಟ್ಟು ಅವರು ಇಟ್ಟಿರುವ ಚಪ್ಪಲಿ ಮೆಟ್ಟಬೇಕು. ನಿಮ್ಮ ಕಸವನ್ನು ನೀವೇ ಕೆಳಗೆ ಒಯ್ಯಬೇಕು. ಸ್ನಾನದ ಮಾತು ಎತ್ತಬಾರದು. ನನಗಂತೂ ಈ ನಿಯಮಗಳ ಮೇಲೆ ಪ್ರೀತಿ, ಏಕೆಂದರೆ ಇವುಗಳಲ್ಲಿ ಹೆಚ್ಚಿನವುಗಳ ಹಿಂದೆ ಯಾವುದೋ ಒಂದು ಭಾರ ಇದೆ. ಗ್ಯಾಸ್, ಹಿಟ್ಟು, ಆಲೂಗಡ್ಡೆ, ಬಿಯರ್ ಎಲ್ಲವೂ ಮೇಲೆ ಬರುವುದು ಹೆಲಿಕಾಪ್ಟರಿನಲ್ಲಿ. ನೀರು ಹಿಮ ಕರಗಿದಷ್ಟೇ. ಬರುತ್ತೇವೆಂದು ಹೇಳಿ ಬಾರದೆ ಹೋದರೆ ನಮ್ಮ ಪಾಲಿನ ಸೂಪು ಸುಮ್ಮನೆ ಆಕಾಶ ಮಾರ್ಗದಲ್ಲಿ ಬಂದಂತಾಯಿತು. ಅದಕ್ಕಿಂತ ಹೆಚ್ಚಾಗಿ, ಬಿಡಾರ ನೋಡಿಕೊಳ್ಳುವವರು ಕಿಟಕಿಯಿಂದ ದಾರಿ ನೋಡುತ್ತಾ ಗಾಬರಿಯಾಗುತ್ತಾರೆ. ಬರುವುದಿಲ್ಲವೆಂದರೆ ತಿಳಿಸಲೇಬೇಕು ಎಂಬ ಸಾಲನ್ನು ನಾನು ಭಾವನವರಿಗೆ ಎರಡು ಸಲ ಓದಿ ಹೇಳಿದೆ. ಅವರು ಮದುವೆಗಳಿಗೆ ಬರುತ್ತೇನೆಂದು ಹೇಳಿ ಹೋಗದವರು.

ಮಲಗುವುದು ಸಾಲು ಹಾಸಿಗೆಗಳ ಮೇಲೆ, ಗುರುತು ಪರಿಚಯವಿಲ್ಲದವರ ಪಕ್ಕದಲ್ಲಿ, ಥೇಟ್ ಛತ್ರದಲ್ಲಿ ಜಮಖಾನ ಹಾಸಿ ಮಲಗಿದ ಬೀಗರ ಹಾಗೆ. ಕಂಬಳಿ ಅಥವಾ ರಜಾಯಿ ಅಲ್ಲೇ ಇರುತ್ತದೆ. ಒಳಗೆ ನುಗ್ಗಿಕೊಳ್ಳಲು ತೆಳುವಾದ ಬಟ್ಟೆಯ ಚೀಲವೊಂದನ್ನು ಮಾತ್ರ ನಾವೇ ಒಯ್ಯಬೇಕು. ರೇಷ್ಮೆಯದು ಹಗುರ. ಅಂಗಡಿಯಿಂದ ತಂದದ್ದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿದೆ: ಒಂದು ಸೌತೆಕಾಯಿಗಿಂತ ಕಡಿಮೆ ತೂಕ. ಮಡಿಸಿದರೆ ಮುಷ್ಟಿಯಲ್ಲಿ ಹಿಡಿಯುತ್ತದೆ, ಬಿಡಿಸಿದರೆ ಮತ್ತೆ ಅದರ ಪುಟ್ಟ ಸಂಚಿಗೆ ತುಂಬಲು ಮನೆಮಂದಿಯೆಲ್ಲ ಬೇಕು. ಮೈಸೂರು ರೇಷ್ಮೆಯ ಹಳೆಯ ಸೀರೆಯಲ್ಲಿ ಎರಡು ಹೊಲಿಸಿಕೊಂಡು ಬರುತ್ತೇನೆ ಎಂದಿದ್ದಾಳೆ ಅಕ್ಕ. ಬಿಡಾರದವರಿಗೆ ಇದರಲ್ಲಿ ಆಕ್ಷೇಪವಿರಲಾರದು.

ಊಟಕ್ಕೆ ಪುಳಿಯೋಗರೆ ಗೊಜ್ಜು ತರಲೇ ಎಂದೂ ಕೇಳಿದ್ದಾಳೆ. ಅವಳು ಕೊಂಚ ತಡವಾಗಿ ಹುಟ್ಟಿದಳು. ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲಿ ಆರಂಭವಾದಾಗ ಕಟ್ಟಿದ ಬಿಡಾರಗಳು ಶಿಖರ ಏರುವವರಿಗೆ ಬರೀ ತಲೆ ಮರೆಯ ಸೂರುಗಳು. ಮುಂದೆ ನೋಡಿಕೊಳ್ಳುವವರು ಬಂದ ಮೇಲೂ ಬಹುಕಾಲ, ಬಂದವರು ತಂದ ಸಾಮಾನನ್ನೇ ಅವರು ಬೇಯಿಸಿಕೊಡುತ್ತಿದ್ದರು. ಈಗ ಕ್ಲಬ್ಬಿನ ಬಿಡಾರಗಳು ನೂರೈವತ್ತಕ್ಕೂ ಹೆಚ್ಚು, ಊಟ ಅವರದೇ. ಸಸ್ಯಾಹಾರವೆಂದು ಕಾಯ್ದಿರಿಸುವಾಗಲೇ ಬರೆದೆ. ಗೊಜ್ಜನ್ನು ದಾರಿಯ ಬುತ್ತಿಗೆ ಒಪ್ಪಿಕೊಂಡೆ.

ಬ್ಲೂಮ್ಲಿಸಾಲ್ಪ್‌ಗೆ ಒಂದು ಕಥೆಯಿದೆ. ಈಗ ಹಿಮನದಿಯಿರುವ ಆ ಜಾಗ ಒಂದು ಕಾಲಕ್ಕೆ ಹೂ ಬಿಡುವ ಹುಲ್ಲುಗಾವಲಾಗಿತ್ತಂತೆ. ಅದರ ಒಡೆಯ ತನ್ನ ಪ್ರೇಯಸಿಯ ಕಾಲು ಕೆಸರಾಗಬಾರದೆಂದು ಗಾಲಿಯಂಥ ಚೀಸ್ ಗಟ್ಟಿಗಳನ್ನೇ ಮೆಟ್ಟಿಲಾಗಿ ಹಾಸಿದ. ಹೆತ್ತ ತಾಯಿಯನ್ನು ಮಾತ್ರ ಹೀನಾಯವಾಗಿ ಕಂಡ. ತಾಯಿಯ ಶಾಪಕ್ಕೆ ಗಾವಲು ಹಿಮದಡಿ ಹೂತುಹೋಯಿತು. ಭಾವನವರಿಗೆ ಹೇಳಿದಾಗ, "ಅದಕ್ಕೇ ಈಗ ಅಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಿದ್ದಾರೆ," ಎಂದರು.

ಉಳಿದಿದ್ದು, ಮಳೆ ಹಿಡಿದರೆ ಏನು ಮಾಡುವುದು ಎಂಬ ಪ್ರಶ್ನೆ. ಆಗ ಬೆಟ್ಟದ ಆ ಬದಿಯ ಕೀನ್‌ತಾಲ್ ಕಣಿವೆಗೆ ಹೋಗಿ, ಗ್ರೀಸಾಲ್ಪ್‌ಗೆ ಹತ್ತುವ ಹಳದಿ ಅಂಚೆ ಬಸ್ಸಿನಲ್ಲಿ ಕೂರುವುದು. ಶೇ. 28ರಷ್ಟು ಕಡಿದಾದ ರಸ್ತೆ. ಯುರೋಪಿನ ಅತಿ ಕಡಿದಾದ ಅಂಚೆ ಬಸ್ ಮಾರ್ಗ ಅದು. ಬಸ್ ಇಳಿದರೆ ಬಿಸಿ ಕಾಫಿ, ಮತ್ತೆ ಅದೇ ಬಸ್ಸಿನಲ್ಲಿ ವಾಪಸ್. ಫೋನಿನ ಆ ಬದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಕ್ಕ ಕೇಳಿದಳು: "ಮಂಗಳವಾರ ಮಳೆ ಬರುವ ಸಾಧ್ಯತೆ ಎಷ್ಟು?"