ಬೆನ್ನು ಕೊಟ್ಟು ಕೆಟ್ಟೆ

ನಮ್ಮಜ್ಜ ಹಳೇ ದಾವಣಗೆರೆಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು. ಈಗ 86 ವರ್ಷ. ಬಾಯಲ್ಲಿ ಹಲ್ಲಿಲ್ಲ, ಆದರೆ ಕುತ್ತಿಗೆ ಮಾತ್ರ ಇನ್ನೂ ಒರಳುಕಲ್ಲಿನ ಹಾಗಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನನ್ನೂ ನಾಲ್ಕು ತಿಂಗಳು ಗರಡಿಗೆ ಕಳಿಸಿದ್ದ. ನಾನು ಹೋಗುತ್ತಿದ್ದದ್ದು ಸಾಮು ಮುಗಿದ ಮೇಲೆ ಸಿಗುವ ಬಾದಾಮಿ ಹಾಲಿಗೆ ಅಂತ ಗೊತ್ತಾದ ಮೇಲೆ ಅವನೇ ಬಿಡಿಸಿದ. ಅಷ್ಟು ದಿನದಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಅಜ್ಜನ ಒಂದೇ ಮಾತು. "ಏನಾರ ಆಗ್ಲಿ, ಬೆನ್ನು ನೆಲಕ್ಕೆ ಹಚ್ಚಬ್ಯಾಡ. ಬೋರಲು ಬೀಳು, ನೆಲ ಕಚ್ಚು, ಅಂಗಾತ ಮಾತ್ರ ಆಗಬ್ಯಾಡ."

ಇಪ್ಪತ್ತೇಳು ವರ್ಷದ ಮೇಲೆ ಈ ಮಾತು ನನ್ನ ಕುತ್ತಿಗೆಗೆ ಬಂತು. ಗಾದೆಯ ಅರ್ಥದಲ್ಲಿ ಹೇಳ್ತಿಲ್ಲ, ನಿಜವಾಗಿಯೂ ಕುತ್ತಿಗೆಗೇ ಬಂತು.

ಆಗಿದ್ದು ಹೀಗೆ. ಮಗನನ್ನು ವಿದ್ಯಾನಗರದಲ್ಲಿ ಒಂದು ಮಹಡಿ ಮೇಲಿನ ಎಂಎಂಎ ಕ್ಲಾಸಿಗೆ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆಸಿದ ಕಾದಾಟ ಕಲಿಸುವಲ್ಲಿಗೆ, ಸೇರಿಸಿದ್ದೆ. ದಿನಾ ಸಂಜೆ ಅವನನ್ನು ಬಿಟ್ಟು, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ತಿಕ್ಕುತ್ತಿದ್ದೆ. ಒಂದು ದಿನ ಕೋಚ್ ಹುಡುಗ ಬಂದು "ಅಂಕಲ್, ಸುಮ್ನೆ ಕೂತಿರ್ತೀರಲ್ಲ, ಬರ್ರಿ ಮ್ಯಾಟ್ ಮೇಲೆ" ಅಂದ. ಅಂಕಲ್ ಅಂದಿದ್ದಕ್ಕೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದೆ. ನನ್ನ ತೂಕ ಆಗ 92 ಕೆಜಿ, ಅದರಲ್ಲಿ ಹತ್ತು ಕೆಜಿಯಾದರೂ ಬೆಣ್ಣೆ ದೋಸೆಯದ್ದು. ದಾವಣಗೆರೆಯಲ್ಲಿ ಹುಟ್ಟಿದವನ ತೂಕದ ಬಗ್ಗೆ ಹೊರಗಿನವರು ಮಾತಾಡಬಾರದು, ಅದು ಬೇರೆ ವಿಷಯ.

ಎದುರಿಗೆ ನಿಲ್ಲಿಸಿದ್ದು ಪಿಯುಸಿ ಓದುವ ಒಬ್ಬ ಹುಡುಗನನ್ನು. ಐವತ್ತೈದು ಕೆಜಿ ಇದ್ದರೆ ಹೆಚ್ಚು. ಮೀಸೆ ಇನ್ನೂ ಬರಲೋ ಬೇಡವೋ ಅಂತ ಯೋಚನೆ ಮಾಡ್ತಿತ್ತು. ಪಾಪ, ಮೆಲ್ಲಗೆ ಹಿಡಿಯೋಣ ಅಂದುಕೊಂಡೆ. ಕೋಚ್ "ಸ್ಟಾರ್ಟ್" ಅಂದ. ಆ ಹುಡುಗ ನನ್ನ ಕಾಲಿಗೆ ಏನು ಮಾಡಿದನೋ ತಿಳಿಯಲಿಲ್ಲ, ನಾನು ಒಂದು ಕಡೆ ವಾಲಿದೆ, ಇನ್ನೇನು ಅಂಗಾತ ಬೀಳಬೇಕು, ಅಷ್ಟರಲ್ಲಿ ಅಜ್ಜನ ಮಾತು ನೆನಪಾಗಿ ಇದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಮಗುಚಿಕೊಂಡು ಬೋರಲು ಬಿದ್ದು, ಎರಡೂ ಕೈ ಚಾಚಿ ಮ್ಯಾಟನ್ನು ತಬ್ಬಿಕೊಂಡು, ಇನ್ನು ನನ್ನನ್ನು ಯಾರು ಚಿತ್ ಮಾಡ್ತಾರೋ ನೋಡೋಣ ಅಂತ ಒಳಗೊಳಗೇ ಹಿಗ್ಗಿದೆ. ಮಗನೂ ನೋಡ್ತಿದ್ದ. ಗರಡಿಯ ರಕ್ತ ಅಂದರೆ ಸುಮ್ನೆನಾ?

ಹುಡುಗ ನನ್ನನ್ನು ಚಿತ್ ಮಾಡಲು ನೋಡಲೇ ಇಲ್ಲ. ಮರ ಹತ್ತುವ ಮಂಗನ ಹಾಗೆ ಬೆನ್ನ ಮೇಲೆ ಹತ್ತಿ, ಎರಡೂ ಕಾಲನ್ನು ನನ್ನ ಸೊಂಟದ ಪಕ್ಕದಿಂದ ಒಳಗೆ ತೂರಿಸಿ, ಬಲಗೈಯನ್ನು ನನ್ನ ಗದ್ದದ ಕೆಳಗೆ ಮಫ್ಲರ್ ಸುತ್ತಿದ ಹಾಗೆ ಸುತ್ತಿದ. ಆ ಕೈಯಿಂದ ತನ್ನ ಎಡ ತೋಳನ್ನು ಹಿಡಿದುಕೊಂಡ. ಎಡಗೈ ನನ್ನ ತಲೆಯ ಹಿಂದೆ ಹೋಯಿತು. ಆಮೇಲೆ ಎದೆ ಉಬ್ಬಿಸಿದ, ಅಷ್ಟೇ. ನೋವೇನಿಲ್ಲ. ಉಸಿರೂ ಆಡ್ತಿದೆ. ಆದರೆ ಕಿವಿಯಲ್ಲಿ ಗುಂಯ್ ಅನ್ನೋ ಶಬ್ದ, ಕಣ್ಣ ಅಂಚಿನಿಂದ ಕತ್ತಲೆ. ಯಾರೋ ದೂರದಿಂದ "ಟ್ಯಾಪ್ ಮಾಡ್ರಿ ಅಂಕಲ್, ಟ್ಯಾಪ್" ಅಂತ ಕೂಗ್ತಿದ್ದರು. ನನಗೆ ನೆನಪಾದದ್ದು ನಲ್ಲಿ ಟ್ಯಾಪ್. ಪುಣ್ಯಕ್ಕೆ ಕೈ ತಾನಾಗಿಯೇ ಮ್ಯಾಟನ್ನು ಪಟಪಟ ಬಡಿಯಿತು. ಹಾಗೆ ಬಡಿದರೆ ಸೋಲೊಪ್ಪಿಕೊಂಡ ಹಾಗಂತೆ, ಹುಡುಗ ಬಿಟ್ಟ. "ಸಾರಿ ಅಂಕಲ್" ಅಂದ. ಅವನೂ ಅಂಕಲ್.

ಎಷ್ಟು ಹೊತ್ತು ತಡೆದೆ ಅಂತ ಮಗನನ್ನು ಕೇಳಿದೆ. "ನಾಲ್ಕು ಸೆಕೆಂಡ್ ಪಪ್ಪಾ" ಅಂದ. ಸುಳ್ಳು ಹೇಳುವುದನ್ನು ಇವನಿಗೆ ಯಾವ ಶಾಲೆಯೂ ಕಲಿಸ್ತಿಲ್ಲ.

ಕೋಚ್ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ. ಈ ಪಟ್ಟಿಗೆ ರಿಯರ್ ನೇಕೆಡ್ ಚೋಕ್ ಅನ್ನುತ್ತಾರೆ. ಸರಿಯಾಗಿ ಹಾಕಿದರೆ ಗಂಟಲು ಒತ್ತುವುದೇ ಇಲ್ಲ. ಮೊಣಕೈ ಗದ್ದದ ನೇರಕ್ಕೆ ಇರುತ್ತೆ, ತೋಳು ಒಂದು ಬದಿ, ಮುಂಗೈ ಇನ್ನೊಂದು ಬದಿ, ಎರಡೂ ಕಡೆ ಮೆದುಳಿಗೆ ರಕ್ತ ಒಯ್ಯುವ ನಾಳ ಒತ್ತಿಕೊಳ್ಳುತ್ತೆ. ಸುಮಾರು ಹತ್ತು ಸೆಕೆಂಡಿಗೇ ಮನುಷ್ಯ ಎಚ್ಚರ ತಪ್ಪುತ್ತಾನೆ. ಅಂದರೆ ರೈಲ್ವೆ ಗೇಟು ಬಿದ್ದ ಹಾಗೆ ಅನ್ನಿ. ಊರು ಅಲ್ಲೇ ಇರುತ್ತೆ, ಗಾಡಿ ಮಾತ್ರ ಯಾವುದೂ ಹೋಗಲ್ಲ.

"ನೀವು ಬೆನ್ನು ಕೊಟ್ಟಿದ್ದೇ ತಪ್ಪು ಅಂಕಲ್" ಅಂದ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಸೋತ ಹಾಗೆ, ಕತ್ತು ಹಿಸುಕುವ ಹಾಗಿಲ್ಲ. ಹಾಗಾಗಿ ಬೋರಲು ಬಿದ್ದವನೇ ಜಾಣ. ಇಲ್ಲಿ ಅಂಗಾತ ಮಲಗಿಯೂ ಗೆಲ್ಲಬಹುದು, ಬೋರಲು ಬಿದ್ದವನ ಕಥೆ ಮುಗೀತು. ನನ್ನನ್ನು ಸಮಾಧಾನ ಮಾಡೋಕೆ 1993ರ ಕಥೆಯನ್ನೂ ಹೇಳಿದ. ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನೋ ಈ ಕಾದಾಟದ ಪಂದ್ಯಾವಳಿ ಮೊದಲನೇ ಸಲ ನಡೆದಾಗ ಬ್ರೆಜಿಲ್‌ನ ಸಣಕಲು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂರು ಜನರನ್ನು ಸೋಲಿಸಿದನಂತೆ, ಫೈನಲ್‌ನಲ್ಲಿ ತನಗಿಂತ ದೊಡ್ಡ ಆಳಿಗೆ ಇದೇ ಪಟ್ಟು ಹಾಕಿದನಂತೆ. ಬ್ರೆಜಿಲ್‌ನವರು ಇದಕ್ಕೆ ಮಾತಾ ಲೆಯಾಂವ್ ಅನ್ನುತ್ತಾರೆ, ಸಿಂಹ ಕೊಲ್ಲುವುದು ಅಂತ ಅರ್ಥ. ನನ್ನ ಕಿವಿಗೆ ಅದು "ಮಾತಾಡಲೇ" ಅಂತ ಕೇಳಿಸಿತು. ಆ ಪಟ್ಟಿನಲ್ಲಿ ಸಿಕ್ಕವನಿಗೆ ಆಗದ ಕೆಲಸ ಅದೊಂದೇ.

ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್‌ನಲ್ಲಿ ಆ ಪಟ್ಟಿನ ಹೆಸರು ಹಾಕಿ ಹುಡುಕುತ್ತಾ ಹಾಗೇ ಮಲಗಿದೆ. ಬೆಳಿಗ್ಗೆ ಹಾಲಿನವನಿಗೆ ದುಡ್ಡು ಕಳಿಸಲು ಹೆಂಡತಿ ಮೊಬೈಲ್ ತೆಗೆದಳು. "ಏನ್ರೀ ಇದು ನೇಕೆಡ್ ಗೀಕೆಡ್ ಅಂತ? ವಯಸ್ಸಿಗೆ ಬಂದ ಮಗ ಇದಾನೆ ಮನೇಲಿ" ಅಂದಳು. ಎದುರಾಳಿಯ ಬಟ್ಟೆ, ಕಾಲರ್ ಏನೂ ಹಿಡಿಯದೆ ಬರೀ ಕೈಯಲ್ಲಿ ಹಾಕುವ ಪಟ್ಟು, ಅದಕ್ಕೇ ಆ ಹೆಸರು, ಜಪಾನಿನ ಜೂಡೋದಲ್ಲೂ ಹಾಗೇ ಕರೀತಾರೆ ಅಂತ ಅರ್ಧ ಗಂಟೆ ವಿವರಿಸಿದೆ. ಜಪಾನ್ ತಂದಿದ್ದರಿಂದ ಅನುಮಾನ ಇನ್ನೂ ಜಾಸ್ತಿ ಆಯಿತು.

ಆ ಭಾನುವಾರ ಚಿತ್ರದುರ್ಗದಿಂದ ಬಾಮೈದ ಬಂದ. ಮಂಡಕ್ಕಿ ಮಿರ್ಚಿ ತಿನ್ನುತ್ತಾ ನನ್ನ ಕಥೆ ಕೇಳಿದ. ರೀಲ್ಸ್ ನೋಡಿ ಎಲ್ಲ ತಿಳಿದವನು. "ಭಾವ, ಅದೇನು ಅಷ್ಟು ಕಷ್ಟ ಅಲ್ಲ, ನನಗೆ ಹಾಕ್ರಿ ನೋಡೋಣ, ಬಿಡಿಸ್ಕೊಂತೀನಿ" ಅಂತ ಚಾಪೆ ಮೇಲೆ ಬೆನ್ನು ಕೊಟ್ಟು ಕೂತ. ನಾನು ಹಿಂದೆ ಕೂತು ಕಾಲು ಸುತ್ತಿದೆ, ಕೈ ಸುತ್ತಿದೆ, ಎದೆ ಉಬ್ಬಿಸಿದೆ. ಹೊಟ್ಟೆ ಮೊದಲೇ ಉಬ್ಬಿತ್ತು, ಅದೂ ಸಹಾಯಕ್ಕೆ ಬಂತು.

ಒಂದೆರಡು ಸೆಕೆಂಡಿಗೆ ಬಾಮೈದ ನನ್ನ ತೊಡೆ ತಟ್ಟಿದ.

ಇಲ್ಲಿ ಸ್ವಲ್ಪ ನನ್ನ ಕಷ್ಟ ಅರ್ಥ ಮಾಡಿಕೊಳ್ಳಿ. ರೀಲ್ಸ್ ನೋಡಿದವನ ಲೆಕ್ಕದಲ್ಲಿ ಅದು ಟ್ಯಾಪ್, ಸೋತೆ ಬಿಡಪ್ಪಾ ಅಂತ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ನನಗೆ ತೊಡೆ ತಟ್ಟುವುದು ಅಂದರೆ ಒಂದೇ ಅರ್ಥ. ಬಾರಲೇ ಅಂತ! ಅದೂ ದುರ್ಗದವನು, ನಮ್ಮ ಮನೆಗೇ ಬಂದು, ನನ್ನ ತೊಡೆಯನ್ನೇ ತಟ್ಟಿ ಸವಾಲು ಹಾಕ್ತಾನಾ? ಇನ್ನೂ ಬಿಗಿದೆ. ಅವನು ಇನ್ನೂ ಜೋರಾಗಿ ತಟ್ಟಿದ. ನಾನು ಇನ್ನೂ ಬಿಗಿದೆ.

ಮಂಚದ ಮೇಲಿದ್ದ ಅಜ್ಜ ಕೂಗಿದ. "ಲೇ, ಅವನ ಮುಖ ನೋಡಲೇ, ಬದನೆಕಾಯಿ ಆಗೇತಿ!"

ಬಿಟ್ಟೆ. ಬಾಮೈದ ಐದು ನಿಮಿಷ ಕೆಮ್ಮಿದ. ಹೆಂಡತಿ ಅವನಿಗೆ ನೀರು ಕೊಟ್ಟು, ನನಗೆ ಮಾತು ಕೊಟ್ಟಳು. ಸೋಮವಾರ ಕೋಚ್‌ಗೆ ಹೇಳಿದರೆ ಅವನೂ ಬೈದ, ಮೊದಲ ವಾರಕ್ಕೇ ಮನೆಯವರ ಮೇಲೆ ಪ್ರಯೋಗ ಮಾಡ್ತಾರಾ ಅಂತ. ಆಮೇಲೆ "ಕೆಮ್ಮಿದ ಅಂದ್ರೆ ನೀವು ಹಾಕಿದ್ದೇ ತಪ್ಪು, ರಕ್ತನಾಳ ಬಿಟ್ಟು ಗಂಟಲು ಒತ್ತೀರಿ" ಅಂದ. ಒಟ್ಟಿನಲ್ಲಿ ನನಗೆ ಪಟ್ಟು ಬರದೆ ಇದ್ದದ್ದರಿಂದ ಬಾಮೈದ ಎಚ್ಚರವಾಗಿ ಉಳಿದ, ಎಚ್ಚರವಾಗಿದ್ದದ್ದರಿಂದ ಅವರಮ್ಮನಿಗೆ ಫೋನ್ ಮಾಡಿದ.

ಬಿಡಿಸಿಕೊಳ್ಳುವುದು ಹೇಗೆ ಅಂತಾನೂ ಕೋಚ್ ಅವತ್ತೇ ಕಲಿಸಿದ. ಗದ್ದ ಎದೆಗೆ ಒತ್ತಬೇಕು. ಎರಡೂ ಕೈಯಿಂದ ಬೆನ್ನಿಗೆ ಹತ್ತಿದವನ ಒಂದು ಕೈ ಹಿಡಿಯಬೇಕು. ಮೆಲ್ಲಗೆ ಕೆಳಗೆ ಜಾರುತ್ತಾ ಅವನಿಗೆ ಸಿಕ್ಕಿರುವ ಬೆನ್ನನ್ನು ನೆಲಕ್ಕೆ ಹಚ್ಚಬೇಕು.

"ಏನಂದೆ?" ಅಂದೆ.

"ಬೆನ್ನು ನೆಲಕ್ಕೆ ಹಚ್ಚಬೇಕು ಅಂಕಲ್."

ಮನೆಗೆ ಬಂದು ಅಜ್ಜನಿಗೆ ಇದನ್ನು ಹೇಳಲೇಬಾರದಿತ್ತು. ಹೇಳಿದೆ. ಅಜ್ಜ ಗೋಡೆ ಕಡೆ ತಿರುಗಿ ಮಲಗಿದ. ಎರಡು ದಿನ ನನ್ನ ಜೊತೆ ಮಾತಿಲ್ಲ, ಮಗನ ಮೂಲಕವೇ ಎಲೆ ಅಡಿಕೆ ತರಿಸಿಕೊಂಡ. ಮೂರನೇ ದಿನ ಸಂಜೆ ನಾನು ಮಗನನ್ನು ಕರೆದುಕೊಂಡು ಹೊರಟಾಗ ಮಂಚದ ಕೆಳಗಿನ ಟ್ರಂಕು ಎಳೆಯುವ ಸದ್ದು ಕೇಳಿಸಿತು.

"ತಡೀಲೇ" ಅಂದ. ಕೈಯಲ್ಲಿ ಕೆಂಪು ಲಂಗೋಟಿ. "ಆ ಮಹಡಿಗೆ ಮೆಟ್ಲು ಎಷ್ಟದಾವು?"