ನಿದ್ದೆಗೆಟ್ಟು ಕಲಿಯುವ ವಿದ್ಯೆ

ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡು ದಾಟಿದ ಮೇಲೆ ಸಿಲಬಸ್ಸಿನಲ್ಲಿಲ್ಲದ ವಿಷಯಕ್ಕೇ ಬೆಲೆ ಜಾಸ್ತಿ. ಅರಿವಿನಿಂದಲೇ ಬಿಡುಗಡೆ ಎಂದ ಹಳೆಯ ಪಂಥದವರಾದ ಗ್ನಾಸ್ಟಿಕರ ಸುದ್ದಿ ಎದ್ದಿತೆಂದರೆ ಚಾ ಆರಿದ್ದೂ ಗೊತ್ತಾಗುವುದಿಲ್ಲ. ಅವರ ಪ್ರಕಾರ ಈ ಲೋಕವನ್ನು ಕಟ್ಟಿದವನು ಪರಮದೇವರಲ್ಲ, ತಾನೇ ಎಲ್ಲರಿಗೂ ದೊಡ್ಡವನೆಂದು ಬೀಗುವ ಯಾವನೋ ಕೆಳದರ್ಜೆಯ ಶಿಲ್ಪಿ. ನಮ್ಮೊಳಗಿನ ಬೆಳಕಿನ ಕಿಡಿ ಅವನ ಕಟ್ಟಡದಲ್ಲಿ ಸಿಕ್ಕಿಕೊಂಡಿದೆ. ಅರಿವು ಮೂಡಿದರೆ ಬಿಡುಗಡೆ. ಇಂಟರ್ನಲ್ಸ್ ಅಂಕ ಬಂದ ವಾರ ಈ ಮಾತು ಯಾರಿಗೂ ತಪ್ಪೆನಿಸದು.

'ಇದು ನಮ್ಮ ಮಾಯಾವಾದ ಕಣೋ' ಎಂದು ಒಬ್ಬನಾದರೂ ಹೇಳಿಯೇ ಹೇಳುತ್ತಾನೆ. ಚರ್ಚೆ ದಾರಿ ತಪ್ಪುವುದು ಅಲ್ಲೇ. ಶಂಕರರಲ್ಲಿ ಜಗತ್ತು ತೋರಿಕೆ, ದೋಷ ನೋಡುವವನ ಅವಿದ್ಯೆಯದು. ಗ್ನಾಸ್ಟಿಕರಲ್ಲಿ ಜಗತ್ತು ಇದ್ದೇ ಇದೆ, ದೋಷ ಅದನ್ನು ಮಾಡಿದವನದು. ಎರಡನ್ನೂ ಒಂದೇ ಉತ್ತರದಲ್ಲಿ ಬರೆದರೆ ಇಬ್ಬರಿಗೂ ಅನ್ಯಾಯ.

ಈಜಿಪ್ಟಿನ ಗ್ನಾಸ್ಟಿಕರನ್ನು ಈಗ ಕೇಳೋಣವೆಂದರೆ ಅವರಿಲ್ಲ. 1945ರಲ್ಲಿ ನಾಗ್ ಹಮ್ಮಾದಿಯ ಹತ್ತಿರ ಸಿಕ್ಕ, ಕಾಪ್ಟಿಕ್ ಎಂಬ ಹಳೆಯ ಈಜಿಪ್ಟಿನ ನುಡಿಯ ಹೊತ್ತಗೆಗಳಿವೆ, ಅಷ್ಟೆ. ದಕ್ಷಿಣ ಇರಾಕಿನ ಮತ್ತು ಇರಾನಿನ ಖುಜಿಸ್ತಾನದ ಮ್ಯಾಂಡಿಯನ್ನರೆಂಬ ಗ್ನಾಸ್ಟಿಕರು ಹಾಗಲ್ಲ, ಇಂದಿಗೂ ಇದ್ದಾರೆ. ಯುದ್ಧಗಳಿಂದ ಚದುರಿ ಸ್ವೀಡನ್, ಆಸ್ಟ್ರೇಲಿಯಾದವರೆಗೂ ಹೋಗಿದ್ದಾರೆ. ಸ್ನಾನಿಕ ಯೋಹಾನನನ್ನು ಪೂಜ್ಯನೆನ್ನುತ್ತಾರೆ, ಆದರೆ ಕ್ರೈಸ್ತರಲ್ಲ. ಲೋಕ ಕಟ್ಟಿದ ಪ್ತಾಹಿಲನನ್ನು ಮೆಚ್ಚದಿದ್ದರೂ ಲೋಕ ಬಿಟ್ಟು ಓಡುವವರೂ ಅಲ್ಲ. ಮದುವೆ, ಮಕ್ಕಳು ಅವರಲ್ಲಿ ಕರ್ತವ್ಯ, ಪುರೋಹಿತನಿಗೂ.

ಹಾಸ್ಟೆಲ್ ಹುಡುಗರಿಗೆ ಹಿಡಿಸದ ಭಾಗ ಇನ್ನು ಮುಂದಿದೆ. ಮ್ಯಾಂಡಿಯನ್ನರಲ್ಲಿ ಅರಿವು ತಟ್ಟನೆ ಹೊಳೆಯುವುದಿಲ್ಲ. ಬಾಯಿಪಾಠ ಮಾಡಬೇಕು, ನೀರಿನಲ್ಲಿ ನೆನೆಯಬೇಕು, ನಡುಗಬೇಕು. ಮಸ್‌ಬುತಾ ಎಂಬ ಸ್ನಾನಕ್ಕೆ ರಸ್ತಾ ಎಂಬ ಬಿಳಿಯ ಉಡುಪು ಉಟ್ಟು ಹರಿಯುವ ನೀರಿಗೇ ಇಳಿಯಬೇಕು. ನಿಂತ ನೀರು ಸಲ್ಲದು, ಬೆಳಕಿನ ಲೋಕದ ಜೀವಜಲದೊಂದಿಗೆ ಅದಕ್ಕೆ ನಂಟಿಲ್ಲ. ಮೂರು ಮುಳುಗು, ಮೂರು ಗುಟುಕು ನೀರು, ತಲೆಗೆ ಮರ್ಟಲ್ ಎಂಬ ಗಿಡದ ಸೊಪ್ಪಿನ ಪುಟ್ಟ ಬಳೆ. ದಡಕ್ಕೆ ಬಂದ ಮೇಲೆ ಹಣೆಗೆ ಎಳ್ಳೆಣ್ಣೆ, ಆಮೇಲೆ ರೊಟ್ಟಿ.

ಪುರೋಹಿತನಾಗಲು ಹೊರಟ ವಿದ್ಯಾರ್ಥಿಯ ಪಾಡು ಇನ್ನೂ ಬಿಗಿ. ಪ್ರಾರ್ಥನೆಗಳೆಲ್ಲ ಕಂಠಸ್ಥವಾದ ಮೇಲೆ ದೀಕ್ಷೆಗೆಂದು ಕಟ್ಟಿದ ಗುಡಿಸಲಿನಲ್ಲಿ ಗುರುವಿನೊಂದಿಗೆ ಏಳು ಹಗಲು, ಏಳು ರಾತ್ರಿ. ಮಲಗುವಂತಿಲ್ಲ: ನಿದ್ದೆಯಲ್ಲಿ ಸ್ಖಲನವಾದರೆ ಮೈಲಿಗೆ, ದೀಕ್ಷೆಗೆ ಭಂಗ. ಅದಾದ ಮೇಲೆ ಅರವತ್ತು ದಿನ ಮಡಿ. ಪರೀಕ್ಷೆಯ ಹಿಂದಿನ ಒಂದೇ ರಾತ್ರಿ ನಿದ್ದೆಗೆಟ್ಟು ಊರಿಗೆಲ್ಲ ಹೇಳಿಕೊಂಡು ತಿರುಗುವವರು ಇದನ್ನು ಗಮನಿಸಬಹುದು. ಪುರೋಹಿತರಿಗೆಂದೇ 'ಸಾವಿರದ ಹನ್ನೆರಡು ಪ್ರಶ್ನೆಗಳು' ಎಂಬ ಗ್ರಂಥವೂ ಇದೆ. ವಿಧಿಯಲ್ಲಿ ಎಡವಿದರೆ ಏನಾಗುತ್ತದೆ, ಸರಿಪಡಿಸುವುದು ಹೇಗೆ ಎಂಬುದಕ್ಕೆ ಅದರಲ್ಲಿ ಸಾಕಷ್ಟು ಜಾಗ. ಕ್ವೆಶ್ಚನ್ ಬ್ಯಾಂಕ್ ಅಂದರೆ ಇದು!

ಇಷ್ಟು ಕಟ್ಟುನಿಟ್ಟಿನ ಏರ್ಪಾಡಿಗೂ ಒಮ್ಮೆ ಮೇಷ್ಟ್ರೇ ಇಲ್ಲದಂತಾಯಿತು. 1831ರ ಕಾಲರಾದಲ್ಲಿ ಪುರೋಹಿತರೆಲ್ಲ ತೀರಿಕೊಂಡರು. ಉಳಿದವರಲ್ಲಿ ಓದು ಬಲ್ಲ, ಪುರೋಹಿತರ ಮನೆಯ ಯಹ್ಯಾ ಬಿಹ್ರಾಮ್ ಮತ್ತು ರಾಮ್ ಜಿಹ್ರುನ್ ಇದ್ದರು, ದೀಕ್ಷೆ ಇಬ್ಬರಿಗೂ ಆಗಿರಲಿಲ್ಲ. ದೀಕ್ಷೆ ಕೊಡಲು ದೀಕ್ಷಿತನೇ ಬೇಕೆಂಬ ನಿಯಮ ಹಿಡಿದು ಕೂತಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಕೈಬರಹದ ಹೊತ್ತಗೆಗಳನ್ನೂ ಮನೆಯಲ್ಲಿ ಕಂಡು ಕೇಳಿದ್ದನ್ನೂ ನೆಚ್ಚಿಕೊಂಡು ಅವರೇ ಪೌರೋಹಿತ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದರು.