ಹಗ್ಗ ಹಿಡಿಯುವುದನ್ನು ಕಲಿಸದ ಕೋರ್ಸು

ಬಂಡೆ ಹತ್ತಲು ಕಲಿಸುತ್ತೇವೆಂದು ಹಣ ಕಟ್ಟಿಸಿಕೊಂಡವರು ನನಗೆ ಕಲಿಸಿದ್ದು ಸರದಿಯಲ್ಲಿ ನಿಲ್ಲುವುದನ್ನು. ಅದು ನನಗೆ ಪಡಿತರ ಅಂಗಡಿಯಿಂದಲೇ ಬರುತ್ತಿತ್ತು.

ಜಾಹೀರಾತಿನಲ್ಲಿ ‘ಆರಂಭಿಕರಿಗೆ ಸ್ಪೋರ್ಟ್ ಕ್ಲೈಂಬಿಂಗ್’ ಎಂದು ದಪ್ಪಕ್ಷರ, ಪಕ್ಕದಲ್ಲೇ ಒಲಿಂಪಿಕ್ಸ್ ಮಾತು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಈ ಆಟ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದು ನಿಜ. ಅದಕ್ಕೂ ರಾಮನಗರದ ಬಂಡೆಯ ಬುಡದಲ್ಲಿ ಅಷ್ಟೊಂದು ಜನರನ್ನು ಎರಡೇ ಹಗ್ಗಕ್ಕೆ ಕಾಯಿಸಿದ್ದಕ್ಕೂ ಏನು ಸಂಬಂಧ?

ನಸುಕಿನಲ್ಲೇ ಬರಹೇಳಿದ್ದರು, ಬಂದೆವು. ಆಮೇಲೆ ತಿಂಡಿ, ಸಹಿ, ತಡವಾಗಿ ಬಂದವರ ದಾರಿ ಕಾಯುವುದು, ಡ್ರೋನ್ ಹಾರಿಸುವುದು. ಮೊದಲ ವ್ಯಕ್ತಿ ಬಂಡೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಯ ಗ್ರಾನೈಟ್ ಇಳಿಜಾರಿನಲ್ಲಿ ಕೈಗೆ ಹಿಡಿತ ಸಿಗುವುದು ಕಡಿಮೆ. ಶೂ ತಳದ ರಬ್ಬರು ಕಲ್ಲಿಗೆ ಕಚ್ಚಿಕೊಳ್ಳುವುದನ್ನೇ ನಂಬಬೇಕು. ಕಲ್ಲು ಕಾದಷ್ಟೂ ಆ ಹಿಡಿತ ಸಡಿಲ, ಅಂಗೈಯಲ್ಲಿ ಬೆವರು ಬೇರೆ. ಇದು ಗೊತ್ತಿಲ್ಲದವರೇನಲ್ಲ ಅವರು. ಇನ್ನು ನನಗೆ ಕೊಟ್ಟ ಶೂ ಎರಡು ಅಳತೆ ದೊಡ್ಡದು. ಬೆರಳ ತುದಿಯಲ್ಲಿ ನಿಲ್ಲಬೇಕಾದ ಆಟದಲ್ಲಿ ಹಿಮ್ಮಡಿ ಕಳಚಿ ಬರುತ್ತಿದೆ ಎಂದರೆ, ‘ಸ್ವಲ್ಪ ಹೊಂದಿಸಿಕೊಳ್ಳಿ ಮೇಡಂ’ ಎಂಬ ಉತ್ತರ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಹಗ್ಗದ ವಿಷಯ.

ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಹತ್ತುವವರು ಬಂಡೆಗೆ ಮೊದಲೇ ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸುತ್ತ ಮೇಲೇರಬೇಕು. ಹೊಸಬರನ್ನು ಮೊದಲ ದಿನವೇ ಹಾಗೆ ಹತ್ತಿಸಿ ಎಂದು ಯಾರೂ ಕೇಳಲಿಲ್ಲ. ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲಿ ಶುರುಮಾಡುವುದೇ ಕ್ರಮ. ಆದರೆ ಎರಡರಲ್ಲೂ ಕೆಳಗೆ ನಿಂತು ಹಗ್ಗ ಕಾಯುವವರು ಇರಲೇಬೇಕು. ಅದಕ್ಕೇ ಬಿಲೇ ಎನ್ನುವುದು. ಮೇಲಿರುವವರ ಪ್ರಾಣ ಅವರ ಕೈಯಲ್ಲಿ. ಹಗ್ಗಕ್ಕೆ ಬ್ರೇಕ್ ಹಾಕುವ ಕೈ ಯಾವ ಕಾರಣಕ್ಕೂ ಅದನ್ನು ಬಿಡಬಾರದು. ನೆಲ ಬಿಡುವ ಮುನ್ನ ಇಬ್ಬರೂ ಪರಸ್ಪರರ ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ) ಬಕಲ್, ಗಂಟು, ಹಗ್ಗ ಸಿಕ್ಕಿಸುವ ಕ್ಯಾರಬೀನರ್ ಎಂಬ ಕೊಕ್ಕೆಯ ಬೀಗ ನೋಡಿಕೊಳ್ಳಬೇಕು. ಆರಂಭಿಕರ ಕೋರ್ಸಿನಲ್ಲಿ ಕಲಿಸಬೇಕಾದದ್ದು ಇದನ್ನಲ್ಲದೆ ಇನ್ನೇನನ್ನು?

ನಮಗೆ ಒಂದು ಗಂಟು ಹಾಕುವುದಕ್ಕೂ ಬಿಡಲಿಲ್ಲ. ಇಂಗ್ಲಿಷ್ ಎಂಟರ ಆಕಾರದ ಫಿಗರ್ ಎಯ್ಟ್ ಗಂಟನ್ನು ಅವರೇ ಮೊದಲು ಹಾಕಿಟ್ಟಿದ್ದರು. ಒಬ್ಬರು ಇಳಿದೊಡನೆ ಕ್ಯಾರಬೀನರ್ ಬಿಚ್ಚಿ ಮುಂದಿನವರ ಹಾರ್ನೆಸ್‌ಗೆ ಸಿಕ್ಕಿಸಿ, ‘ಹತ್ತಿ, ಹತ್ತಿ’ ಎಂದು ಅವಸರ. ಸಮಯ ಉಳಿಯುತ್ತದಂತೆ! ಯಾರ ಸಮಯ? ಅರ್ಧ ದಾರಿಯಲ್ಲಿ ಕಾಲು ನಡುಗಿ ನಿಂತವರಿಗೆ ಕೆಳಗಿನಿಂದ ಕೂಗು: ‘ಎಡಕ್ಕೆ ತಿರುಗಿ, ಫೋಟೊ!’

ಬಿಲೇ ಯಾವಾಗ ಕಲಿಸುತ್ತೀರಿ ಎಂದು ಕೇಳಿದೆ. ಅದು ಮುಂದಿನ ಹಂತದ್ದು, ಶುಲ್ಕ ಬೇರೆ ಎಂದರು. ಜೊತೆಗೆ ಪಕ್ಕದಲ್ಲಿದ್ದ ಹುಡುಗರಿಗೆ ಕಣ್ಣು ಮಿಟುಕಿಸಿ, ‘ಮೇಡಂಗೆ ಚಿತ್ರದುರ್ಗದ ಕೋತಿರಾಜ ಆಗುವ ಅವಸರ’ ಎಂಬ ನಗೆಚಾಟಿಕೆ. ಸ್ವಾಮಿ, ಆ ಮನುಷ್ಯ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹತ್ತಿ ಹೆಸರಾದವರು. ನಾನು ಕೇಳಿದ್ದು ಹಗ್ಗದ ಬಗ್ಗೆ!

ಸಂಜೆ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ‘ಹಗ್ಗ ಮತ್ತು ಸುರಕ್ಷತಾ ತಂತ್ರಗಳಲ್ಲಿ ತರಬೇತಿ ಪಡೆದಿದ್ದಾರೆ’ ಎಂದು ಅದರಲ್ಲಿ ಅಚ್ಚಾಗಿದೆ. ನನಗೆ ನಡುಕ ಬರುವುದು ಇಲ್ಲೇ. ನಮ್ಮ ಗುಂಪಿನ ಇಬ್ಬರು ಹುಡುಗರು ಆಗಲೇ ಸ್ವಂತ ಹಗ್ಗ ಕೊಂಡು ಬಾದಾಮಿಗೆ ಹೋಗುವ ಮಾತಾಡುತ್ತಿದ್ದರು. ಆ ಕೆಂಪು ಮರಳುಗಲ್ಲಿನ ಬಂಡೆಗಳಲ್ಲಿ ಬೋಲ್ಟ್ ಹೊಡೆದ ದಾರಿಗಳು ಬೇಕಾದಷ್ಟಿವೆ. ಅಲ್ಲಿ ಒಬ್ಬನು ಹತ್ತುವಾಗ ಇನ್ನೊಬ್ಬನು ಕೆಳಗೆ ನಿಂತು ಮಾಡುವುದೇನು? ಫೋಟೊ ತೆಗೆಯುವುದೇ?

ಹಣ ವಾಪಸ್ ಕೊಡಿ, ಇಲ್ಲವೇ ಬಿಟ್ಟ ಪಾಠ ಕಲಿಸಿ, ಪ್ರಮಾಣಪತ್ರದ ಆ ಸಾಲನ್ನಾದರೂ ತೆಗೆಯಿರಿ ಎಂದು ಬರೆದು ಕಳಿಸಿದೆ. ಬಂದ ಉತ್ತರ ಒಂದು ಹೆಬ್ಬೆರಳಿನ ಚಿತ್ರ, ಅದರ ಕೆಳಗೆ ‘ಐದು ನಕ್ಷತ್ರ ಕೊಡಿ, ಮುಂದಿನ ಹಂತಕ್ಕೆ ರಿಯಾಯಿತಿ ಪಡೆಯಿರಿ’. ಒಂದು ನಕ್ಷತ್ರ ಕೊಟ್ಟಿದ್ದೇನೆ. ಅದಕ್ಕಿಂತ ಕಡಿಮೆ ಕೊಡಲು ಅಲ್ಲಿ ಅವಕಾಶವಿರಲಿಲ್ಲ.